ಗೇರ್ ಹಾಕುವಾಗ ಕಾರು ಜರ್ಕ್ ಹೊಡೆಯಬಾರದು ಅಂದ್ರೆ

ಟರ್ಬೊ ಪೆಟ್ರೋಲ್ ಮ್ಯಾನುಯಲ್ ಕಾರು ತಗೊಂಡ ಗೆಳೆಯರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. "ಒಂದರಿಂದ ಎರಡಕ್ಕೆ ಹಾಕುವಾಗ ಜರ್ಕ್ ಹೊಡೀತದೆ ಮಾರಾಯ್ರೆ, ಎಂತ ಮಾಡುದು?" ನನ್ನ ಹತ್ರ ಇರುವುದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ. 1.5 ಲೀಟರ್ ಎಂಜಿನ್, 150 ಪಿಎಸ್, ಆರು ಗೇರು. ಕಟಪಾಡಿಯಿಂದ ಮಂಗಳೂರಿಗೆ ಕೆಲಸಕ್ಕೆ ಹೋಗಿಬರುವುದು ಅದರಲ್ಲೇ. 1600 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 250 ಎನ್‌ಎಂ ಟಾರ್ಕ್ ಬರುತ್ತದೆ. ಅಷ್ಟು ಎಳೆತ ಅಷ್ಟು ಬೇಗ ಸಿಗುವ ಕಾರಿನಲ್ಲಿ ಕಾಲು ಸ್ವಲ್ಪ ಆಚೀಚೆ ಆದರೂ ಒಳಗೆ ಕೂತವರಿಗೆಲ್ಲ ಗೊತ್ತಾಗುತ್ತದೆ.

ಮೊದಲು ಜರ್ಕ್ ಯಾಕೆ ಬರುತ್ತದೆ ನೋಡಿ. ನೀವು ಕ್ಲಚ್ ಬಿಡುವ ಹೊತ್ತಿಗೆ ಎಂಜಿನ್ ಒಂದು ವೇಗದಲ್ಲಿ, ಗೇರ್‌ಬಾಕ್ಸ್ ಇನ್ನೊಂದು ವೇಗದಲ್ಲಿ ತಿರುಗುತ್ತಿರುತ್ತದೆ. ಎರಡನ್ನೂ ಒಮ್ಮೆಲೇ ಜೋಡಿಸಿದರೆ ಆ ವ್ಯತ್ಯಾಸ ಧಕ್ಕೆಯಾಗಿ ಹೊರಗೆ ಬರುತ್ತದೆ. ಗೇರ್‌ಬಾಕ್ಸ್ ಒಳಗೆ ವೇಗ ಹೊಂದಿಸುವ ಸಿಂಕ್ರೊ ರಿಂಗ್ ಉಂಟಲ್ಲ ಅಂತೀರಿ. ಉಂಟು. 1928ರಲ್ಲಿ ಕ್ಯಾಡಿಲಾಕ್ ಕಂಪನಿ ಅದನ್ನು ಕಾರಿಗೆ ತಂದ ಮೇಲೆ ಗೇರ್ ಹಾಕುವುದು ತುಂಬಾ ಸುಲಭ ಆಯಿತು. ಆದರೆ ಅದು ಗೇರ್‌ಬಾಕ್ಸ್ ಒಳಗಿನ ಹಲ್ಲುಗಳನ್ನು ಮಾತ್ರ ಹೊಂದಿಸಿ ಕೊಡುತ್ತದೆ. ಎಂಜಿನ್‌ನ ವೇಗ ಹೊಂದಿಸುವ ಕೆಲಸ ನಿಮ್ಮ ಬಲಗಾಲಿನದು.

ಅತಿ ಕಷ್ಟದ್ದು ಒಂದರಿಂದ ಎರಡು. ಇಲ್ಲಿ ಆರ್‌ಪಿಎಂ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಬೇಕು. ಐದರಿಂದ ಆರಕ್ಕೆ ಹೋಗುವಾಗ ಅಷ್ಟೆಲ್ಲ ಇಳಿಯಬೇಕಾಗಿಲ್ಲ, ಅದಕ್ಕೇ ಅಲ್ಲಿ ಯಾರಿಗೂ ತೊಂದರೆ ಆಗುವುದಿಲ್ಲ. ಹೊಸ ಕಾರುಗಳಲ್ಲಿ ಇನ್ನೊಂದು ಕಿರಿಕಿರಿ ಉಂಟು. ಹೊಗೆ ನಿಯಮಕ್ಕಾಗಿ ಎಂಜಿನ್ ಕಂಪ್ಯೂಟರ್ ಥ್ರಾಟಲನ್ನು, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು, ಥಟ್ಟನೆ ಮುಚ್ಚುವುದಿಲ್ಲ. ಕಾಲು ತೆಗೆದ ಮೇಲೂ ಆರ್‌ಪಿಎಂ ಮುಳ್ಳು ಒಂದು ಕ್ಷಣ ಮೇಲೆಯೇ ನಿಂತಿರುತ್ತದೆ.

ಹಾಗಾಗಿ ನಾನು ಮಾಡುವುದು ಹೀಗೆ. ಊರೊಳಗೆ 2500 ಆರ್‌ಪಿಎಂ ಹತ್ತಿರ ಬಂದಾಗ ಮೊದಲು ಆಕ್ಸಿಲರೇಟರ್ ಮೆಲ್ಲಗೆ ಬಿಡುತ್ತೇನೆ. ಎಳೆತ ಸಡಿಲ ಆದದ್ದು ಬೆನ್ನಿಗೆ ಗೊತ್ತಾಗುತ್ತದೆ. ಆಗ ಕ್ಲಚ್ ಪೂರ್ತಿ ಒತ್ತುತ್ತೇನೆ. ಗೇರ್ ಲಿವರ್ ನ್ಯೂಟ್ರಲ್‌ಗೆ ಬಂದಾಗ ಒಂದು ಚೂರು ತಡೆದು, ಎರಡನೇ ಗೇರಿನ ಕಡೆ ಬೆರಳಲ್ಲೇ ಒತ್ತಡ ಕೊಡುತ್ತೇನೆ. ಸಿಂಕ್ರೊ ಹೊಂದಿದ ಕೂಡಲೇ ಲಿವರ್ ತಾನಾಗಿ ಒಳಗೆ ಜಾರುತ್ತದೆ. ದೂಡಬೇಕಾಗಿಲ್ಲ. ಆಮೇಲೆ ಕ್ಲಚ್ ಹಿಡಿಯುವ ಜಾಗದವರೆಗೆ ಬೇಗ ಬಿಡಿ, ಆ ಜಾಗದಲ್ಲಿ ಮಾತ್ರ ನಿಧಾನ ಮಾಡಿ, ಹಿಡಿದ ಮೇಲೆ ಪೂರ್ತಿ ಬಿಡಿ. ಬಲಗಾಲು ಅದೇ ಹೊತ್ತಿಗೆ ಮತ್ತೆ ಆಕ್ಸಿಲರೇಟರ್ ಮುಟ್ಟುತ್ತದೆ. ಸರಿ ಆಯಿತೋ ಇಲ್ಲವೋ ತಿಳಿಯಲು ನಾನು ಕನ್ನಡಿಯಲ್ಲಿ ಹಿಂದಿನ ಸೀಟಲ್ಲಿರುವ ಅಮ್ಮನ ತಲೆ ನೋಡುತ್ತೇನೆ. ಗೇರ್ ಬಿದ್ದಾಗ ಅವರ ತಲೆ ಹಿಂದೆ ಮುಂದೆ ಅಲ್ಲಾಡಬಾರದು. ಸ್ಟಾಪ್‌ವಾಚಿಗಿಂತ ಇದು ಒಳ್ಳೆ ಅಳತೆ.

ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಕಾಲಿಗೆ ಗೊತ್ತಾಗಬೇಕು ಅಂದ್ರೆ ಸಮತಟ್ಟಾದ ಖಾಲಿ ಜಾಗದಲ್ಲಿ ಆಕ್ಸಿಲರೇಟರ್ ಮುಟ್ಟದೆ ಬರೀ ಕ್ಲಚ್‌ನಲ್ಲೇ ಕಾರು ಹೊರಡಿಸಿ ನೋಡಿ. ಸೀಟು ದೂರ ಇದ್ದರೆ ಇದು ಬರುವುದೇ ಇಲ್ಲ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಮಳೆಗಾಲದ ದಪ್ಪ ರಬ್ಬರ್ ಚಪ್ಪಲಿ ಬೇಡ, ಪೆಡಲ್ ತಿಳಿಯುವುದಿಲ್ಲ, ಒದ್ದೆಯಾದರೆ ಜಾರುತ್ತದೆ ಕೂಡ.

ಈಗ ಕೈ. ಲಿವರನ್ನು ಸುಮ್ನೆ ಬಿಟ್ಟರೆ ಸ್ಪ್ರಿಂಗ್ ಅದನ್ನು ಮೂರು-ನಾಲ್ಕರ ಸಾಲಿಗೆ ತಂದು ನಿಲ್ಲಿಸುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ನ್ಯೂಟ್ರಲ್‌ನಲ್ಲಿ ಹಿಡಿತ ಸಡಿಲಿಸಿ, ಸ್ಪ್ರಿಂಗ್ ತನ್ನ ಕೆಲಸ ಮಾಡಲಿ, ನೀವು ನೇರ ಮುಂದಕ್ಕೆ ಒತ್ತಿ. ಐದರಿಂದ ನಾಲ್ಕಕ್ಕೆ ಇಳಿಸುವಾಗ ಇದು ಇನ್ನೂ ಮುಖ್ಯ. ಮುಷ್ಟಿ ಬಿಗಿದು ಎಡಕ್ಕೆ ದೂಡಿ ಎಳೆದರೆ ಎರಡನೇ ಗೇರಿಗೆ ಹೋಗಿಬಿಡಬಹುದು. ಮುಕ್ಕ, ಹಳೆಯಂಗಡಿ ಕಡೆ ಹೈವೇ ವೇಗದಲ್ಲಿ ಹಾಗಾದರೆ ಚಕ್ರಗಳೇ ಎಂಜಿನನ್ನು ಆರ್‌ಪಿಎಂ ಮೀಟರಿನ ಕೆಂಪು ಗೆರೆ ದಾಟಿಸಿ ತಿರುಗಿಸುತ್ತವೆ. ಎಂಜಿನ್ ವೇಗ ಮಿತಿ ಮೀರದಂತೆ ಕಾಯುವ ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಲ್ಲದು ಅಷ್ಟೇ, ಇದನ್ನು ತಡೆಯಲಾರದು. ವಾಲ್ವ್ ಬಾಗಿ ಎಂಜಿನ್ನೇ ಹಾಳಾದೀತು.

ಗೇರ್ ಇಳಿಸುವಾಗ ಲೆಕ್ಕ ಉಲ್ಟಾ. ಎಂಜಿನ್ ವೇಗ ಏರಬೇಕು. ಓಡುತ್ತಿರುವ ಎಕ್ಸ್‌ಪ್ರೆಸ್ ಬಸ್ಸಿಗೆ ಹಾರುವ ಕಂಡಕ್ಟರ್ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿಯೇ ಹತ್ತುತ್ತಾನಲ್ವಾ, ಹಾಗೆ. ಆಗುಂಬೆ ಘಾಟಿಯ ಹೇರ್‌ಪಿನ್‌ಗಳು 14. ಸೋಮೇಶ್ವರದಿಂದ ಹತ್ತುವಾಗ ಪ್ರತಿ ತಿರುವಿಗೂ ಮೊದಲೇ, ಸ್ಟೇರಿಂಗ್ ನೇರ ಇರುವಾಗಲೇ, ಮೂರರಿಂದ ಎರಡಕ್ಕೆ ಇಳಿಸಿ. ಕ್ಲಚ್ ಒತ್ತಿ, ಲಿವರ್ ಎರಡಕ್ಕೆ, ಕ್ಲಚ್ ಬಿಡುವ ಮುಂಚೆ ಆಕ್ಸಿಲರೇಟರಿಗೆ ಸಣ್ಣದೊಂದು ತಟ್ಟು. ಮುಳ್ಳು ಮೇಲೆ ಹಾರುತ್ತದೆ, ಆಗ ಕ್ಲಚ್ ಬಿಡಿ. ಸರಿಯಾಗಿ ಕೂತರೆ ಸದ್ದು ಮಾತ್ರ ಬದಲಾಗುತ್ತದೆ, ಕಾರಿನ ಮೂಗು ಬಗ್ಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಕಲಿಯಲೇಬೇಕು ಎನ್ನುವವನು ನಾನು. ಒದ್ದೆ ರಸ್ತೆಯಲ್ಲಿ, ಮುಖ್ಯವಾಗಿ ಇಳಿಜಾರಿನಲ್ಲಿ, ತಟ್ಟು ಕೊಡದೆ ಕ್ಲಚ್ ಥಟ್ಟನೆ ಬಿಟ್ಟರೆ ಮುಂದಿನ ಚಕ್ರಗಳ ಹಿಡಿತವೇ ತಪ್ಪಬಹುದು.

ಬ್ರೇಕ್ ಹಿಡಿದುಕೊಂಡೇ ತಟ್ಟುವುದು, ಅಂದರೆ ಹೀಲ್ ಆಂಡ್ ಟೋ, ಆಮೇಲಿನ ಮಾತು. ಪಾದದ ಮುಂಭಾಗ ಬ್ರೇಕ್ ಮೇಲೆ, ಪಾದದ ಬಲ ಅಂಚು ಆಕ್ಸಿಲರೇಟರ್ ಮೇಲೆ. ತಟ್ಟುವಾಗ ಬ್ರೇಕ್ ಮೇಲಿನ ಒತ್ತಡ ಹೆಚ್ಚುಕಮ್ಮಿ ಆಗಬಾರದು. ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕಾಲಿಗೆ ಅಭ್ಯಾಸ ಕೊಡಿ. ಘಾಟಿಯಲ್ಲಿ ಕಲಿಯಲು ಹೋಗಬೇಡಿ, ಎದುರಿಂದ ಬಸ್ಸು ಬರುತ್ತಿರುತ್ತದೆ.

ಇಷ್ಟೆಲ್ಲ ಮಾಡಿದರೂ ಗೇರ್ ಕರಕರ ಅನ್ನುತ್ತದಾ? ಕಾರು ನಿಂತಿರುವಾಗ ಕ್ಲಚ್ ಪೂರ್ತಿ ಒತ್ತಿ, ಸ್ವಲ್ಪ ಹೊತ್ತು ಕಾದು ರಿವರ್ಸ್ ಹಾಕಿ. ಆಗಲೂ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ, ಹೈಡ್ರಾಲಿಕ್ ಲೈನಿನಲ್ಲಿ ಗಾಳಿ ಸೇರಿದೆಯಾ ನೋಡಿಸಿ. ಗೇರ್ ಆಯಿಲ್ ಬದಲಿಸುವುದಾದರೆ ಕಾರಿನ ಪುಸ್ತಕದಲ್ಲಿ ಬರೆದ ಗ್ರೇಡನ್ನೇ ಹಾಕಿಸಿ. ಜಿಎಲ್-4 ಹೇಳಿದ ಕಡೆ ಜಿಎಲ್-5 ಹಾಕಿದರೆ ಹಿತ್ತಾಳೆಯ ಸಿಂಕ್ರೊ ರಿಂಗ್ ಇದ್ದಲ್ಲಿ ಅದು ಸವೆಯಬಹುದು.