ಸ್ತನ ತೆಗೆಯುವ ಶಸ್ತ್ರಚಿಕಿತ್ಸೆ: ಮೊದಲೇ ಮಾಡಬೇಕಾದ ಸಿದ್ಧತೆ, ಮನೆಯಲ್ಲಿ ಮಾಡಬೇಕಾದ ಆರೈಕೆ

ಮ್ಯಾಸ್ಟೆಕ್ಟಮಿಗೆ, ಅಂದರೆ ಸ್ತನ ತೆಗೆಯುವ ಶಸ್ತ್ರಚಿಕಿತ್ಸೆಗೆ, ದಿನ ಗೊತ್ತಾದ ಕೂಡಲೇ ಮನೆಮಂದಿಯ ಗಮನವೆಲ್ಲ ಆಸ್ಪತ್ರೆಯ ಕಡೆಗೇ ಹೋಗುತ್ತದೆ. ಆದರೆ ಆಸ್ಪತ್ರೆಯ ವಾಸ ಸಾಮಾನ್ಯವಾಗಿ ಕೆಲವೇ ದಿನಗಳದು. ಗಾಯ ಮಾಯುವುದು, ಗಾಯದ ದ್ರವವನ್ನು ಹೊರತರುವ ಡ್ರೈನ್ ನಳಿಕೆಯನ್ನು ನೋಡಿಕೊಳ್ಳುವುದು, ಕೈಯನ್ನು ಮತ್ತೆ ಚಲನೆಗೆ ತರುವುದು ಎಲ್ಲವೂ ಮನೆಯಲ್ಲಿ ಆಗಬೇಕಾದ ಕೆಲಸಗಳು. ಆದ್ದರಿಂದ ದಾಖಲಾಗುವ ಮೊದಲೇ ಮನೆಯನ್ನು ಸಜ್ಜುಗೊಳಿಸಬೇಕು.

ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಹೋಗುವವರಾಗಲಿ, ಖಾಸಗಿ ಆಸ್ಪತ್ರೆಗೆ ಹೋಗುವವರಾಗಲಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ತಮಗೆ ಅನ್ವಯಿಸುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ವಿಚಾರಿಸಬೇಕು. ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಯಲ್ಲಿರಲಿ. ವೈದ್ಯರನ್ನು ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಕಂಕುಳಿನದು: ಒಂದೆರಡು ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ಮಾತ್ರ ಪರೀಕ್ಷೆಗೆ ತೆಗೆಯುತ್ತಾರೆಯೇ, ಅಥವಾ ಹೆಚ್ಚಿನವನ್ನು ತೆಗೆಯಬೇಕಾಗುತ್ತದೆಯೇ? ಮುಂದೆ ಕೈ ಊದಿಕೊಳ್ಳುವ ಸಂಭವ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಸಕ್ಕರೆ ಕಾಯಿಲೆಯ ಮಾತ್ರೆ, ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆ ಮತ್ತು ನಾಟಿ ಔಷಧಿ ಸೇರಿದಂತೆ ಸೇವಿಸುತ್ತಿರುವುದೆಲ್ಲವನ್ನೂ ಬರೆದು ತೋರಿಸಿ. ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ಬಳೆ, ಉಂಗುರ, ಮಾಂಗಲ್ಯ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಮಾಂಗಲ್ಯ ತೆಗೆಯಲು ಅನೇಕರ ಮನಸ್ಸು ಒಪ್ಪುವುದಿಲ್ಲವಾದ್ದರಿಂದ, ಅದನ್ನು ಆಪರೇಷನ್ ಕೋಣೆಯ ಬಾಗಿಲವರೆಗೆ ಬಿಡದೆ ಮನೆಯಲ್ಲೇ ನಿಧಾನವಾಗಿ ತೆಗೆದಿಡುವುದು ಒಳ್ಳೆಯದು.

ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ವಾರಗಳವರೆಗೆ ಆ ಬದಿಯ ಕೈಯನ್ನು ತಲೆಯ ಮೇಲಕ್ಕೆ ಎತ್ತಲು ಕಷ್ಟವಾಗುತ್ತದೆ, ಭಾರ ಹೊರಲೂಬಾರದು. ಹಾಗಾಗಿ ಅಟ್ಟ ಮತ್ತು ಮೇಲಿನ ಶೆಲ್ಫಿನಲ್ಲಿರುವ ಡಬ್ಬಿ, ಪಾತ್ರೆ, ಮಾತ್ರೆಗಳನ್ನು ಸೊಂಟದ ಎತ್ತರಕ್ಕೆ ಇಳಿಸಿಡಿ. ನೀರಿನ ಕ್ಯಾನ್ ಎತ್ತುವುದು, ತುಂಬಿದ ಕುಕ್ಕರ್ ಇಳಿಸುವುದು, ಬಟ್ಟೆ ಒಣಹಾಕುವುದು ಇವಕ್ಕೆಲ್ಲ ಯಾರು ಎಂಬುದು ಮೊದಲೇ ತೀರ್ಮಾನವಾಗಲಿ. ಮುಂದೆ ತೆರೆಯುವ, ಸಡಿಲವಾದ ಹತ್ತಿಯ ನೈಟಿಗಳನ್ನು ಹೊಂದಿಸಿಕೊಳ್ಳಿ. ಮನೆಗೆ ಮರಳುವ ದಾರಿಯಲ್ಲಿ ನಮ್ಮ ರಸ್ತೆಗಳ ಹಂಪ್ಸ್ ಮತ್ತು ಗುಂಡಿಗಳ ಪ್ರತಿಯೊಂದು ಕುಲುಕಾಟವೂ ಎದೆಗೆ ತಾಗುವುದರಿಂದ, ಎದೆಗೂ ಸೀಟ್‌ ಬೆಲ್ಟಿಗೂ ನಡುವೆ ಇಡಲು ಒಂದು ಚಿಕ್ಕ ಮೆತ್ತನೆಯ ದಿಂಬು ಬೇಕೇ ಬೇಕು.

ಡಿಸ್ಚಾರ್ಜ್ ಆಗುವಾಗ ಬಹುತೇಕರಿಗೆ ಗಾಯದ ಪಕ್ಕದಲ್ಲಿ ಒಂದೆರಡು ಡ್ರೈನ್ ನಳಿಕೆಗಳಿರುತ್ತವೆ. ಒಳಗೆ ಸೇರುವ ದ್ರವವನ್ನು ಹೀರಿ ಹೊರತರುವುದು ಅವುಗಳ ಕೆಲಸ. ದಿನವೂ ಗೊತ್ತಾದ ಹೊತ್ತಿನಲ್ಲಿ ಸೋಪಿನಿಂದ ಕೈ ತೊಳೆದು, ದ್ರವವನ್ನು ಅಳತೆಯ ಲೋಟಕ್ಕೆ ಸುರಿದು, ಎಷ್ಟು ಮಿಲಿಲೀಟರ್, ಯಾವ ಬಣ್ಣ ಎಂದು ಪುಸ್ತಕದಲ್ಲಿ ಬರೆಯಬೇಕು. ನಳಿಕೆಯ ತುದಿಯಲ್ಲಿರುವ, ದ್ರವ ಸೇರುವ ಡಬ್ಬಿಯನ್ನು ಮತ್ತೆ ಅದುಮಿ ಮುಚ್ಚಿದರೆ ಮಾತ್ರ ಅದು ಹೀರುತ್ತದೆ. ಈ ಕ್ರಮವನ್ನು ನೋಡಿಕೊಳ್ಳುವವರು ನರ್ಸ್ ಎದುರಿನಲ್ಲಿ ಮಾಡಿ ತೋರಿಸಿ, ಸರಿ ಎನಿಸಿಕೊಂಡೇ ಮನೆಗೆ ಬರಲಿ. ಕೆಂಪಗಿದ್ದ ದ್ರವ ದಿನಕಳೆದಂತೆ ತಿಳಿಯಾಗುತ್ತ, ಕಡಿಮೆಯಾಗುತ್ತ ಹೋಗುತ್ತದೆ. 24 ಗಂಟೆಗಳಲ್ಲಿ ಸುಮಾರು 30 ಮಿಲಿಲೀಟರ್‌ಗಿಂತ ಕಡಿಮೆ ಬರತೊಡಗಿದ ಮೇಲೆ ಅನೇಕ ವೈದ್ಯರು ನಳಿಕೆ ತೆಗೆಯುತ್ತಾರೆ. ಅವರ ನಿರ್ಧಾರಕ್ಕೆ ನಿಮ್ಮ ಪುಸ್ತಕವೇ ಆಧಾರವಾದ್ದರಿಂದ ಒಂದು ದಿನವೂ ಬರೆಯುವುದು ತಪ್ಪದಿರಲಿ.

ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಆಗುವ ಹಾನಿಯೊಂದಿದೆ. “ಕೈ ಅಲುಗಾಡಿಸಬೇಡಮ್ಮ, ಹೊಲಿಗೆ ಬಿಚ್ಚುತ್ತದೆ” ಎಂದು ಎಲ್ಲರೂ ಹೇಳುತ್ತಾರೆ, ಕೈ ಮೈಗೆ ಅಂಟಿಕೊಂಡೇ ಇರುತ್ತದೆ, ತಿಂಗಳೊಳಗೆ ಭುಜ ಬಿಗಿದುಹೋಗುತ್ತದೆ. ವೈದ್ಯರು ಬೇಡವೆನ್ನದಿದ್ದರೆ, ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು, ಭುಜವನ್ನು ಮೆಲ್ಲಗೆ ತಿರುಗಿಸುವುದು ನಡೆಯಬೇಕು. ಡ್ರೈನ್ ಇರುವವರೆಗೆ ಕೈ ಭುಜದ ಮಟ್ಟ ದಾಟದಿದ್ದರೆ ಸಾಕು. ಅದು ಹೋದ ಮೇಲೆ ವೈದ್ಯರ ಒಪ್ಪಿಗೆ ಪಡೆದು, ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ಹತ್ತಿಸುತ್ತ, ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕುತ್ತ ಹೋಗಿ. ನೋವಿನ ಮಾತ್ರೆ ನುಂಗಿ ಅರ್ಧ ಗಂಟೆಯಾದ ಮೇಲೆ ವ್ಯಾಯಾಮ ಮಾಡಿದರೆ ಸುಲಭವಾಗುತ್ತದೆ. ಸ್ತನ ಪುನರ್ನಿರ್ಮಾಣವೂ ಜೊತೆಗೇ ಆಗಿದ್ದರೆ ವ್ಯಾಯಾಮದ ಕ್ರಮ ಬೇರೆಯಾಗಿರುತ್ತದೆ.

ತೋಳಿನ ಒಳಬದಿ ಮರಗಟ್ಟಿದಂತಾಗುವುದು ಸಾಮಾನ್ಯ. ಅಲ್ಲಿಗೆ ಬಿಸಿನೀರಿನ ಚೀಲ ಇಡಬಾರದು, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಬಿ.ಪಿ. ನೋಡಿಸುವುದು, ಇಂಜೆಕ್ಷನ್, ರಕ್ತ ತೆಗೆಸುವುದು ಎಲ್ಲವೂ ಸಾಧ್ಯವಾದಷ್ಟು ಇನ್ನೊಂದು ಕೈಗೆ ಆಗಲಿ. ಶಸ್ತ್ರಚಿಕಿತ್ಸೆಯಾದ ಬದಿಯ ಕೈಗೆ ಬಿಗಿಯಾದ ಬಳೆ ಬೇಡ. ಈಳಿಗೆಮಣೆ, ಒಗ್ಗರಣೆಯ ಎಣ್ಣೆ, ಕುಕ್ಕರಿನ ಹಬೆಗಳ ಬಳಿ ಎಚ್ಚರವಿರಲಿ.

ಊಟದ ವಿಷಯದಲ್ಲಿ ಬದನೆಕಾಯಿ ನಂಜು, ಮೊಟ್ಟೆ ನಂಜು ಎಂಬ ಸಲಹೆಗಳು ಬಂದೇ ಬರುತ್ತವೆ. ಆದರೆ ಗಾಯ ಮಾಯಲು ಪ್ರೋಟೀನ್ ಬೇಕು: ಬೇಳೆ, ಕಾಳು, ಹಾಲು, ಮೊಸರು ಮತ್ತು ತಿನ್ನುವವರಿಗೆ ಮೊಟ್ಟೆ, ಮೀನು. ನೋವಿನ ಮಾತ್ರೆಗಳಿಂದ ಮಲಬದ್ಧತೆಯಾಗುವುದುಂಟು, ಸೊಪ್ಪು ಮತ್ತು ನೀರು ಹೆಚ್ಚಾಗಿರಲಿ. ಗಾಯಕ್ಕೆ ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬಾರದು.

ಎದೆಯನ್ನು ಮೊದಲ ಬಾರಿ ಕನ್ನಡಿಯಲ್ಲಿ ನೋಡಿಕೊಳ್ಳುವ ಸಮಯವನ್ನು ಆಕೆಯೇ ನಿರ್ಧರಿಸಲಿ, ಯಾರೂ ಅವಸರಪಡಿಸಬಾರದು. ನೋಡಲು ಬರುವ ನೆಂಟರಿಗೆ ಸ್ವಲ್ಪ ದಿನ ತಡೆದು ಬನ್ನಿ ಎಂದು ಹೇಳುವ ಕೆಲಸ ಮನೆಯ ಬೇರೊಬ್ಬರದಾಗಲಿ. ಗಾಯ ಪೂರ್ತಿ ಮಾಯುವವರೆಗೆ ಹತ್ತಿ ತುಂಬಿದ ಹಗುರವಾದ ಕೃತಕ ಸ್ತನ ಸಾಕು, ಸಿಲಿಕೋನಿನದನ್ನು ಆಮೇಲೆ ವೈದ್ಯರನ್ನು ಕೇಳಿ ಕೊಳ್ಳಬಹುದು.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಎದೆ ಅಥವಾ ಕೈ ಹಠಾತ್ತನೆ ಊದಿಕೊಂಡರೆ, ಡ್ರೈನಿನಲ್ಲಿ ಗಟ್ಟಿ ಕೆಂಪು ರಕ್ತ ತುಂಬತೊಡಗಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಉಸಿರು ಕಟ್ಟಿದರೆ, ಎದೆನೋವು ಬಂದರೆ ನೇರವಾಗಿ 108ಕ್ಕೆ ಕರೆ ಮಾಡಿ. ಏನೂ ತೊಂದರೆ ಕಾಣದಿದ್ದರೂ, ತೆಗೆದ ಭಾಗದ ಬಯಾಪ್ಸಿ ವರದಿಯ ದಿನದ ಭೇಟಿಯನ್ನು ಮುಂದೂಡಬೇಡಿ. ಕಿಮೋ, ರೇಡಿಯೇಷನ್ ಅಥವಾ ಮಾತ್ರೆ, ಇವುಗಳಲ್ಲಿ ಯಾವುದು ಬೇಕು ಎಂಬುದು ಆ ವರದಿಯಿಂದಲೇ ತೀರ್ಮಾನವಾಗುತ್ತದೆ.