ರಾಗಿ ಹೊಲಕ್ಕೆ ಅಪ್ಸೆಣಬು: ನನ್ನ ಅನುಭವ

ಕುಣಿಗಲ್ ಕಡೆಯ ನಮ್ಮ ಹೊಲ ಕೆಂಪು ಮಣ್ಣಿನದು. ಮಳೆ ನಂಬಿ ರಾಗಿ, ನಡುನಡುವೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ. ಬಿರುಸು ಮಳೆ ಹೊಡೆದು ಮಾರನೇ ದಿನ ಬಿಸಿಲು ಕಾದರೆ ಈ ಮಣ್ಣಿನ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗುತ್ತದೆ. ರಾಗಿ ಮೊಳಕೆ ಅದನ್ನು ಒಡೆದು ಮೇಲೆ ಬರಲಾರದು. ಮುಂದಿನ ಮಳೆಯೂ ಇಂಗದೆ ಮೇಲ್ಮಣ್ಣನ್ನು ಹೊತ್ತುಕೊಂಡು ಬದು ದಾಟಿ ಹೋಗುತ್ತದೆ. ಮಳೆ ಸಾಲದು ಎನ್ನುವ ಮೊದಲು, ಬಿದ್ದ ಮಳೆ ಮಣ್ಣಲ್ಲಿ ನಿಲ್ಲುತ್ತಿದೆಯೇ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿದೆ. ಬದುವಿನಂಚು, ಮರದ ಬುಡ, ತಿಪ್ಪೆಯಿದ್ದ ಜಾಗ ಬಿಟ್ಟು, ಹೊಲದ ಹತ್ತಾರು ಕಡೆ ಆರು ಇಂಚು ಆಳದ ಗುಂಡಿ ತೆಗೆದು, ಅದರ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಕೆರೆದು, ಎಲ್ಲ ಬೆರೆಸಿ ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಟ್ಟೆ. ಕಾರ್ಡ್ ಕೈಗೆ ಬಂದರೆ ಎಲ್ಲರ ಕಣ್ಣು ಸಾರಜನಕ, ರಂಜಕ, ಪೊಟ್ಯಾಷ್ ಮೇಲೆ. ನಾನು ಮೊದಲು ನೋಡುವುದು ಸಾವಯವ ಇಂಗಾಲ, ಅಂದರೆ ಕೊಳೆತ ಸೊಪ್ಪು, ಬೇರು, ಗೊಬ್ಬರದಿಂದ ಮಣ್ಣಿಗೆ ಸೇರಿದ ಇಂಗಾಲ. ಶೇ. 0.5ಕ್ಕಿಂತ ಕೆಳಗಿದ್ದರೆ ಕೊರತೆ, 0.75 ದಾಟಿದರೆ ಚೆನ್ನ. ನಮ್ಮದು ಕೊರತೆಯಲ್ಲೇ ಇತ್ತು.

ರಾಗಿಗೆ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಅನ್ನುತ್ತಾರೆ. ಎರಡು ಹಸು ಕಟ್ಟಿದ ಮನೆಯಲ್ಲಿ ಪೂರ್ತಿ ಹೊಲಕ್ಕೆ ಅಷ್ಟು ಎಲ್ಲಿಂದ ತರೋದು? ಅದಕ್ಕೇ ಅಪ್ಸೆಣಬು ಹಿಡಿದೆ. ಇದು ಹೊಲದಲ್ಲೇ ಬೆಳೆಸಿ, ಹಸಿರಿರುವಾಗಲೇ ಉತ್ತು ಮಣ್ಣಿಗೆ ಸೇರಿಸುವ ಹಸಿರು ಗೊಬ್ಬರದ ಬೆಳೆ. ಭರಣಿ ಮಳೆಗೆ (ಏಪ್ರಿಲ್ ಕೊನೆ, ಮೇ ಆರಂಭ) ಹದ ಸಿಕ್ಕ ಕೂಡಲೇ ಉತ್ತು, ಎಕರೆಗೆ 20 ಕೆಜಿ ಬೀಜ ಚೆಲ್ಲಿ ಕುಂಟೆ ಎಳೆಯುತ್ತೇನೆ. ಮತ್ತೇನೂ ಆರೈಕೆ ಬೇಡ. ಆಗಾಗ ಒಂದು ಗಿಡ ಬುಡಸಮೇತ ಅಗೆದು ಬೇರಿನ ಗಂಟು ಉಗುರಲ್ಲಿ ಸೀಳಿ ನೋಡುತ್ತೇನೆ. ಒಳಗೆ ನಸುಗೆಂಪು ಕಂಡರೆ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಕೆಲಸದಲ್ಲಿವೆ ಅಂತ ಲೆಕ್ಕ.

ಸುಮಾರು 45 ದಿನಕ್ಕೆ, ಹಳದಿ ಹೂ ಇಣುಕುವ ಹೊತ್ತಿಗೆ, ಮೃಗಶಿರ ಮಳೆಯ ತೇವದಲ್ಲಿ ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸಬೇಕು. ಇದನ್ನು ಮುಂದೂಡಲೇಬಾರದು. ಸೆಣಬು ನಾರಿನ ಗಿಡ. ದಂಟು ಬಲಿತರೆ ಬೇಗ ಕೊಳೆಯುವುದಿಲ್ಲ, ಬಿತ್ತುವ ಕೂರಿಗೆಗೂ ಸಿಕ್ಕಿಕೊಳ್ಳುತ್ತದೆ. ಎರಡು ಮೂರು ವಾರ ಕೊಳೆಯಲು ಬಿಟ್ಟು ಪುನರ್ವಸು ಮಳೆಗೆ (ಜುಲೈ) ರಾಗಿ ಬಿತ್ತನೆ.

“ಬೀಜದ ದುಡ್ಡೆಲ್ಲ ಮಣ್ಣಿಗೆ ಹಾಕ್ತೀಯಲ್ಲಣ್ಣ, ಎಳ್ಳು ಹಾಕಿದ್ರೆ ನಾಕು ಕಾಸಾಗ್ತಿತ್ತು” ಅಂತ ಪಕ್ಕದ ಹೊಲದವರು ಕೇಳಿದ್ದರು. ಅವರ ಮಾತಲ್ಲೂ ಹುರುಳಿದೆ. ಕಾಸು ಬೇಕಾದವರು ಅಲಸಂದೆ ಹಾಕಿ ಕಾಯಿ ಬಿಡಿಸಿಕೊಂಡು ಉಳಿದ ಬಳ್ಳಿ ಉಳಬಹುದು. ಸೊಪ್ಪು ಕಡಿಮೆ, ಆದರೂ ಬರಿ ಹೊಲಕ್ಕಿಂತ ಎಷ್ಟೋ ವಾಸಿ.

ನಾಲ್ಕೈದು ಮುಂಗಾರು ಕಳೆದ ಮೇಲೆ ಆ ಪಕ್ಕದ ಹೊಲದವರೆದುರೇ ಎರಡು ಗಾಜಿನ ಲೋಟದಲ್ಲಿ ನೀರಿಟ್ಟು, ಇಬ್ಬರ ಹೊಲದ ಒಣ ಹೆಂಟೆ ಒಂದೊಂದು ಬಿಟ್ಟೆ. ಸೊಪ್ಪು ಕಾಣದ ಹೊಲದ್ದು ಕ್ಷಣದಲ್ಲಿ ಕರಗಿ ನೀರು ಕೆಂಪಾಯಿತು. ನಮ್ಮದು ಸಣ್ಣ ಗುಳ್ಳೆ ಬಿಡುತ್ತಾ ಹಾಗೇ ಕೂತಿತ್ತು. ಕೊಳೆತ ಸೊಪ್ಪು, ಬೇರು, ಶಿಲೀಂಧ್ರದ ಅಂಟು ಮಣ್ಣಿನ ಕಣಗಳನ್ನು ಹಿಡಿದಿಡುತ್ತವೆ, ಕಣಗಳ ನಡುವಿನ ಸಂದಿಯಲ್ಲಿ ನೀರು ಇಳಿಯುತ್ತದೆ. ಈಗ ಬಿತ್ತನೆಯಾದ ಮೇಲೆ ಜೋರು ಮಳೆ ಬಂದರೂ ಪೈರು ಸಲೀಸಾಗಿ ಮೇಲೇಳುತ್ತದೆ.

ಭರಣಿ, ಕೃತ್ತಿಕೆ ಎರಡೂ ಕೈಕೊಟ್ಟ ವರ್ಷ ಸೆಣಬು ಏಳುವುದಿಲ್ಲ. ಅದಕ್ಕಾಗಿ ಬದುವಿನುದ್ದಕ್ಕೂ ಗ್ಲಿರಿಸಿಡಿಯಾ ಅನ್ನುವ ಗೊಬ್ಬರದ ಸೊಪ್ಪಿನ ಮರದ ಕಡ್ಡಿ ನೆಟ್ಟಿದ್ದೇನೆ. ಬಿತ್ತನೆಗೆ ಮುಂಚೆ ರೆಂಬೆ ಸವರಿ ಸೊಪ್ಪನ್ನು ಹೊಲಕ್ಕೆ ಹರಡಿ ಉತ್ತರೆ ಬೇಗ ಕೊಳೆಯುತ್ತದೆ. ಕಡ್ಡಿ ಬೇಕಾದವರಿಗೆ ಮಳೆಗಾಲದಲ್ಲಿ ಕಡಿದು ಕೊಡುತ್ತೇನೆ.