ಕಾಲಿನ ನರ ಉಬ್ಬಿದೆಯಾ? ಲೇಸರ್ ಹೆಸರು ಕೇಳುವ ಮೊದಲು ನಿಂತು ಸ್ಕ್ಯಾನ್ ಮಾಡಿಸಿ

ದಾವಣಗೆರೆಯ ಸೀರೆ ಅಂಗಡಿಯೊಂದರಲ್ಲಿ ನನಗೆ 19 ವರ್ಷದ ಸರ್ವೀಸು. ಗಿರಾಕಿ ಇಲ್ಲದ ಹೊತ್ತಲ್ಲೂ ಕೂರುವ ಹಾಗಿಲ್ಲ. ಎರಡನೇ ಹೆರಿಗೆ ಆದಮೇಲೆ ಎಡಗಾಲಿನ ಮೀನಖಂಡದಲ್ಲಿ ಹಸಿರು ಹುರಿಯ ಹಾಗೆ ಉಬ್ಬಿತು. ಸಂಜೆಯಾದರೆ ಕಾಲು ಕಲ್ಲಾಗುತ್ತಿತ್ತು. "ನರ ಕಣೇ, ಎಣ್ಣೆ ತಿಕ್ಕು" ಅಂದರು ಅತ್ತೆ.

ನರ ಅಲ್ಲ ಅದು, ರಕ್ತನಾಳ. ಡಾಕ್ಟರು ಇದನ್ನು ವೆರಿಕೋಸ್ ವೇನ್ಸ್ ಅನ್ನುತ್ತಾರೆ. ರಕ್ತ ಮೇಲಕ್ಕೆ ಹೋಗುವ ನಾಳದೊಳಗೆ ಸಣ್ಣ ಕವಾಟಗಳಿವೆ. ಅವು ಸಡಿಲವಾದರೆ ರಕ್ತ ಕೆಳಗಿಳಿದು ನಿಲ್ಲುತ್ತದೆ. ಬಸುರು, ಮನೆತನ, ಮೈತೂಕ, ದಿನವಿಡೀ ನಿಲ್ಲುವುದು ಎಲ್ಲ ಸೇರಿ ಹೀಗಾಗುತ್ತದೆ. ಎಣ್ಣೆಯಿಂದ ಕವಾಟ ಸರಿಹೋಗಲ್ಲ.

ನಾನು ಮೊದಲು ಹೋದ ಕಡೆ ಕಾಲನ್ನು ಕಣ್ಣಲ್ಲೇ ನೋಡಿ, ಎರಡೂ ಕಾಲಿಗೆ ಲೇಸರ್ ಅಂದರು. ಪ್ಯಾಕೇಜ್ ಚೀಟಿಯನ್ನೂ ಕೊಟ್ಟರು. ನರ್ಸಿಂಗ್ ಓದುವ ಮಗಳು ಬೇರೆ ಕಡೆ ಕರೆದುಕೊಂಡು ಹೋದಳು. ಅಲ್ಲಿ ನಿಲ್ಲಿಸಿ ಡಾಪ್ಲರ್ ಸ್ಕ್ಯಾನ್, ಅಂದರೆ ನಾಳದಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುವ ಸ್ಕ್ಯಾನ್ ಮಾಡಿದರು. ಮೀನಖಂಡ ಹಿಂಡಿ ಬಿಟ್ಟಾಗ ರಕ್ತ ಅರ್ಧ ಸೆಕೆಂಡಿಗಿಂತ ಜಾಸ್ತಿ ಹೊತ್ತು ವಾಪಸ್ ಹರಿದರೆ ಕವಾಟ ಕೆಟ್ಟಿದೆ ಅಂತ ಲೆಕ್ಕ. ನನ್ನ ಎಡಗಾಲಿನ ದೊಡ್ಡ ನಾಳ ಸೋರುತ್ತಿತ್ತು. ಬಲಗಾಲಲ್ಲಿ ಬರೀ ಜೇಡರ ಬಲೆಯಂಥ ನೀಲಿ ಗೆರೆ! ಅದಕ್ಕೇ ಹೇಳುವುದು, ಯಾವ ನಾಳ ಸೋರುತ್ತಿದೆ ಅಂತ ಗೊತ್ತಾಗುವ ತನಕ ಚಿಕಿತ್ಸೆಯ ಹೆಸರನ್ನೇ ಎತ್ತಬೇಡಿ.

ಬಿಗಿ ಸ್ಟಾಕಿಂಗ್ಸ್ ಭಾರ, ಊತ ಇಳಿಸುತ್ತದೆ, ರೋಗ ಕಳೆಯುವುದಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಹಾಕಬೇಕು. ಕಣಕಾಲು, ಮೀನಖಂಡ ಅಳೆದೇ ಕೊಳ್ಳಿ. ಮಾರ್ಚ್ ಬಂದರೆ ನಮ್ಮೂರಲ್ಲಿ ಅದು ಶಿಕ್ಷೆ, ಸುಳ್ಳು ಯಾಕೆ ಹೇಳಲಿ? ಸಕ್ಕರೆ ಕಾಯಿಲೆ ಇದ್ದರೆ, ಪಾದ ತಣ್ಣಗಿರುತ್ತಿದ್ದರೆ ಡಾಕ್ಟರನ್ನು ಕೇಳದೆ ಹಾಕಬೇಡಿ.

ಸಣ್ಣ ಗೆರೆಗಳಿಗೆ, ಉಳಿದ ಚಿಕ್ಕ ನಾಳಗಳಿಗೆ ಇಂಜೆಕ್ಷನ್ ಇದೆ. ಔಷಧಿ ಅಥವಾ ಅದರ ನೊರೆ ಬಿಟ್ಟು ನಾಳ ಮುಚ್ಚಿಸುತ್ತಾರೆ. ಅಗ್ಗ, ಆದರೆ ಎರಡು ಮೂರು ಸಲ ಹೋಗಬೇಕಾಗಬಹುದು. ಕಂದು ಕಲೆ ಕೆಲವು ತಿಂಗಳು ಉಳಿಯಬಹುದು.

ದೊಡ್ಡ ನಾಳಕ್ಕೆ ಲೇಸರ್ ಅಥವಾ ರೇಡಿಯೋ ಫ್ರೀಕ್ವೆನ್ಸಿ. ಎರಡರಲ್ಲೂ ಸಣ್ಣ ತಂತಿ ತೂರಿಸಿ, ಒಳಗಿನಿಂದ ಕಾಯಿಸಿ ನಾಳ ಮುಚ್ಚುತ್ತಾರೆ. ನನಗೆ ಮಾಡಿದ್ದು ಎರಡನೆಯದು, 120 ಡಿಗ್ರಿ ಬಿಸಿಯಂತೆ. ಆ ಬಿಸಿ ನನಗೆ ಗೊತ್ತೇ ಆಗಲಿಲ್ಲ. ತೊಡೆಯುದ್ದಕ್ಕೂ ಚುಚ್ಚಿದ ಮರಗಟ್ಟಿಸುವ ಸೂಜಿಗಳದ್ದೇ ಜೀವ ಹಿಂಡುವ ಕಾಟ. ಸಂಜೆ ನಡೆದೇ ಮನೆಗೆ ಬಂದೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಮೊದಲು ಈ ಬಿಸಿ ಚಿಕಿತ್ಸೆ, ಅದು ಆಗದಿದ್ದರೆ ನೊರೆ, ಅದೂ ಆಗದಿದ್ದರೆ ಆಪರೇಷನ್ ಅಂತ ಹೇಳಿದೆ. ಮಗಳು ಓದಿ ಹೇಳಿದ್ದು ಇದು.

ಅಂಟು ಹಾಕಿ ಮುಚ್ಚುವ ವಿಧಾನವೂ ಇದೆ. ತೊಡೆಯುದ್ದಕ್ಕೂ ಸೂಜಿ ಬೇಡ, ದುಬಾರಿ, ಕೆಲವರಿಗೆ ಅಲರ್ಜಿ. ನಾಳ ಕಿತ್ತು ತೆಗೆಯುವ ಹಳೇ ಆಪರೇಷನ್ನಿಗೆ ಬೆನ್ನಿಗೆ ಇಂಜೆಕ್ಷನ್ ಅಥವಾ ಪೂರ್ತಿ ಅರಿವಳಿಕೆ ಬೇಕು, ವಿಶ್ರಾಂತಿಯೂ ಜಾಸ್ತಿ. ನಾಳ ತುಂಬಾ ಸೊಟ್ಟ ಇದ್ದು ತಂತಿ ಹೋಗದೆ, ನೊರೆಯೂ ಆಗದಿದ್ದರೆ ಅದೇ ಗತಿ.

ಹೆಂಗಸರು ಬಾಯಿಬಿಟ್ಟು ಹೇಳಲೇಬೇಕಾದ ವಿಷಯಗಳಿವೆ. ಬಸುರಿದ್ದಾಗ ನಾಳ ಮುಚ್ಚಿಸುವ, ತೆಗೆಸುವ ಚಿಕಿತ್ಸೆ ಯಾವುದೂ ಬೇಡ. ಬಾಣಂತನ ಮುಗಿದು ಕೆಲವು ತಿಂಗಳಲ್ಲಿ ಎಷ್ಟೋ ತಾನೇ ಇಳಿಯುತ್ತದೆ. ಇನ್ನೊಂದು ಮಗು ಬೇಕಿದ್ದರೆ ಮೊದಲೇ ಹೇಳಿ, ಮತ್ತೆ ಉಬ್ಬಬಹುದು. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಅದು ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ. ತೊಡೆ ಸಂದಿಯಲ್ಲಿ, ಮೂತ್ರದ ಜಾಗದ ಪಕ್ಕ ಉಬ್ಬಿದ್ದರೆ ನಾಚಿಕೆಯಿಂದ ಬಿಡುತ್ತೇವೆ ಅಲ್ವಾ? ಮೂಲ ಕಿಬ್ಬೊಟ್ಟೆಯಲ್ಲೇ ಇರಬಹುದು. ಹಾಗಿದ್ದರೆ ಬರೀ ಕಾಲಿಗೆ ಮಾಡಿಸಿದರೆ ಮತ್ತೆ ಬರಬಹುದು.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಬ್ಬಿದ ನಾಳ ಒಡೆದು ರಕ್ತ ಸುರಿದರೆ ಮಲಗಿ, ಕಾಲೆತ್ತಿ, ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಯಾರನ್ನಾದರೂ ಕೂಗಿ.

ಕೊನೆಗೆ ಬಲಗಾಲಿಗೆ ನಾನೇನೂ ಮಾಡಿಸಲಿಲ್ಲ. ಗೆರೆ ಇವೆ, ಇರಲಿ, ಸೀರೆ ಮುಚ್ಚುತ್ತದೆ. ಕೇರಳದಲ್ಲಿ 2018ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕೊಟ್ಟರು, ತಮಿಳುನಾಡಿನಲ್ಲಿ 2021ರಲ್ಲಿ. ಡಾಕ್ಟರ ಚೀಟಿ ತೋರಿಸಿದ ಮೇಲೆ ನಮ್ಮ ಯಜಮಾನರೂ ಕೌಂಟರಿನ ಹಿಂದೆ ಒಂದು ಸ್ಟೂಲ್ ಹಾಕಿಸಿದ್ದಾರೆ. ಏಳು ಜನಕ್ಕೆ ಒಂದು.